ಬಚ್ಚಲುಮನೆಯ ಮರದ ಕಿಟಕಿ



ನಮ್ಮ ಸಂತೆಮರಹಳ್ಳಿಯ ಆಸುಪಾಸಿನಲ್ಲಿ ಹಳೆಯ ಮನೆ ಕೆಡವಿದಾಗ ದೊರೆಯುವ ಮರದ ಕಿಟಕಿಯನ್ನು ಹಿರಿಯರ ನೆನಪಿಗೆಂದು ಹೊಸ ಮನೆಯಲ್ಲಿ ಕೂಡಿಸುವವರಿದ್ದಾರೆ. ಅದು ಸಣ್ಣ ಸ್ನಾನಗೃಹದ ಪಾಲಾದರೆ ಕೆಲವೇ ವರ್ಷಗಳಲ್ಲಿ ಕೆಳತುದಿಯಿಂದ ಕುಂಬು ಹಿಡಿಯುತ್ತದೆ. ತಾತನ ಕಾಲದಿಂದ ಬಾಳಿದ ಮರ ಇಲ್ಲೇಕೆ ಬಾಳದು? ಇದಕ್ಕೆ ಉತ್ತರ ಮರದಲ್ಲಿಲ್ಲ, ಸ್ನಾನದ ಚರಿತ್ರೆಯಲ್ಲಿದೆ.

ಹಿಂದಿನ ಬಚ್ಚಲು ಸಾಮಾನ್ಯವಾಗಿ ಮನೆಯ ಹಿಂಬದಿಯಲ್ಲಿರುತ್ತಿತ್ತು. ಕಲ್ಲಿನ ಮೇಲೆ ಕುಳಿತು ಹಂಡೆಯ ನೀರನ್ನು ಚೊಂಬಿನಿಂದ ಹುಯ್ದುಕೊಳ್ಳುವಾಗ ನೀರು ಮೊಣಕಾಲೆತ್ತರವನ್ನು ದಾಟುತ್ತಿದ್ದುದು ಅಪರೂಪ. ಹೊಗೆ ಹೋಗಲು ಮೇಲೊಂದು ಬೆಳಕಿಂಡಿ. ಒಲೆಯ ಶಾಖವೇ ಗೋಡೆಯನ್ನು ಒಣಗಿಸುತ್ತಿತ್ತು. ಷವರ್ ಬಂದ ಮೇಲೆ ನೀರು ತಲೆಯ ಮೇಲಿನಿಂದ ಸುರಿಯತೊಡಗಿತು, ಒಲೆ ಮರೆಯಾಯಿತು. ಕಿಟಕಿ ಮಾತ್ರ ಎದೆಯೆತ್ತರದಲ್ಲಿ ನೀರಿಗೆ ಎದುರಾಗಿ ನಿಂತಿತು.

ಮರಕ್ಕೆ ನೀರು ತಗುಲುವುದು ದೋಷವಲ್ಲ, ಒಣಗದಿರುವುದು ದೋಷ. ತೇವಾಂಶ ಶೇಕಡಾ 20ನ್ನು ಮೀರಿ ನಿಂತಾಗಲೇ ಕೊಳೆಸುವ ಶಿಲೀಂಧ್ರಕ್ಕೆ ಅವಕಾಶ. ತೇಗದ ಕೆಚ್ಚು ಇದನ್ನು ಬಹುಕಾಲ ತಡೆಯುತ್ತದೆ. ಹೊರಗಿನ ಬಿಳಿಮರ ತಡೆಯದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಹುಪಾಲು ತೇಗದ್ದೇ. ಮುಂಚಾಚಿದ ಸೂರು, ಸುತ್ತಲಿನ ಪಡಸಾಲೆ ಮಳೆಯನ್ನು ಅದರ ಗೋಡೆಗಳಿಂದ ದೂರವಿಟ್ಟಿವೆ.

ಮರಕ್ಕೆ ಔಷಧಿ ಕುಡಿಸುವ ಒಂದು ಮಾರ್ಗವೂ ನಮ್ಮ ದೇಶದ್ದೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ಸಂರಕ್ಷಕವನ್ನು ಕಂಡುಹಿಡಿದರು. ಅದು ಲೋಕದೆಲ್ಲೆಡೆ ಕಂಬಗಳನ್ನು ಕಾಪಾಡಿತು. ಆದರೆ ಆರ್ಸೆನಿಕ್ಕಿನ ಭಯದಿಂದ 2003ರ ಅಂತ್ಯಕ್ಕೆ ಅಮೆರಿಕದ ತಯಾರಕರು ವಸತಿ ಬಳಕೆಯ ಬಹುತೇಕ ಮರಕ್ಕೆ ಅದನ್ನು ಬಳಸುವುದನ್ನು ಕೈಬಿಟ್ಟರು. ಮಕ್ಕಳು ಮೀಯುವ ಕೋಣೆಗೆ ಅಂಥ ಔಷಧಿ ತಕ್ಕುದಲ್ಲ.

ಆದುದರಿಂದ ಸೂರಿನ ನೀತಿಯನ್ನೇ ಒಳಗೂ ಪಾಲಿಸಬೇಕು. ಮೊದಲು ಷವರನ್ನು ಕಿಟಕಿಯ ಎದುರಿನಿಂದ ಸರಿಸಿರಿ. ಆಗದಿದ್ದರೆ ನಡುವೆ ಪರದೆಯನ್ನೋ ಗಾಜಿನ ಮರೆಯನ್ನೋ ನಿಲ್ಲಿಸಿರಿ. ಕಿಟಕಿಯ ಕೆಳಗಿನ ಕಟ್ಟೆ ಒಳಮುಖವಾಗಿ ತುಸು ಇಳಿಜಾರಾಗಿದ್ದರೆ ನೀರು ಬಚ್ಚಲಿಗೇ ಹರಿಯುತ್ತದೆ. ಮರವು ಮೈಗಿಂತ ಕೊಯ್ದ ತುದಿಗಳಲ್ಲಿ ಹೆಚ್ಚು ನೀರನ್ನು ಹೀರುತ್ತದೆ. ಕಿಟಕಿ ಕೂಡಿಸುವ ಮುನ್ನವೇ ಆ ತುದಿಗಳಿಗೂ ಕೀಲುಗಳಿಗೂ ಬಣ್ಣವನ್ನೋ ವಾರ್ನಿಷನ್ನೋ ಎರಡು ಮೂರು ಬಾರಿ ಬಳಿಸಿರಿ. ಒದ್ದೆ ಮರಕ್ಕೆ ಬಳಿದರೆ ತೇವ ಒಳಗೇ ಉಳಿದು ಕೇಡು ಹೆಚ್ಚುತ್ತದೆ. ಸ್ನಾನವಾದ ಬಳಿಕ ಒಣಬಟ್ಟೆಯಿಂದೊಮ್ಮೆ ಒರೆಸಿ ಬಾಗಿಲುಗಳನ್ನು ತೆರೆದಿಡಿ.

ಹಿರಿಯರ ಕಿಟಕಿಯನ್ನು ಕಿತ್ತು ಅಲ್ಯೂಮಿನಿಯಂ ಹಾಕಿಸುವುದು ಸುಲಭವೇ ಸರಿ. ಆದರೆ ಅದೇ ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತ ಬೆಳೆದ ಕೈಗಳು ನಿಮ್ಮ ತಂದೆ ತಾಯಿಯರವು. ಒಂದು ಪರದೆ, ಒಂದು ಒಣಬಟ್ಟೆಯ ಶ್ರಮ ಅದಕ್ಕೆ ಸಲ್ಲಬೇಕಾದುದೇ.