ಹುಣಸೆ ಸರಿ ಹಚ್ಚಿದ ಕಂಬಳಿ

2010ರಲ್ಲಿ ಸುವರ್ಣ ವಾಹಿನಿಯ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ರಿಯಾಲಿಟಿ ಷೋ ಬರುವಾಗ ಸವದತ್ತಿ ಕಡೆಯ ನಮ್ಮೂರಿನಲ್ಲಿ ಮನೆಮಂದಿಯೆಲ್ಲ ಟಿ.ವಿ. ಮುಂದೆ. ಪೇಟೆ ಹುಡುಗಿಯರು ಹಾಲು ಹಿಂಡಲು, ಸಗಣಿ ಬಾಚಲು ಪಡುವ ಪಾಡೇ ಅಲ್ಲಿ ಆಟ. ಕಂಬಳಿ ನೇಯುತ್ತಿದ್ದ ಅಜ್ಜ ಎದ್ದುಬಿಟ್ಟ. “ಒಂದ ತಾಸಿನ್ಯಾಗ ಮುಗಿಯೂ ಬಾಳೇವು ಅಲ್ಲವಾ ಇದು” ಅಂದ.

ಅವನ ಮಾತು ಖರೆ. ದಖ್ಖನಿ ಕುರಿಯ ಉಣ್ಣೆ ಕತ್ತರಿಸುವುದು ವರ್ಷಕ್ಕೆ ಎರಡೇ ಸಲ. ನಮ್ಮಲ್ಲಿ ನೂಲು ಹೆಂಗಸರದು, ಕುಣಿಮಗ್ಗ ಗಂಡಸರದು. ಅಜ್ಜಿ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಸರಿ, ಅಂದರೆ ಅಂಟುಗಂಜಿ, ಕುದಿಸುತ್ತಿದ್ದಳು. ಅದನ್ನು ಹಾಸಿನ ಎಳೆಗಳಿಗೆ ಹಚ್ಚಿ ಬಿಸಿಲಿಗೆ ಚಾಚಬೇಕು. ಮೋಡ ಕವಿದರೆ ಕೆಲಸ ನಿಂತಿತು. ಬೆರಳ ಸಂದಿಯ ಅಂಟು ರೊಟ್ಟಿ ಬಡಿಯುವಾಗಲೂ ಬಿಡುತ್ತಿರಲಿಲ್ಲ.

ಸುಗ್ಗಿ ಮುಗಿದರೆ ಕುರಿಗಾರರು ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹೊಲಗಳಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳು ಪಡೆಯುತ್ತಿದ್ದರು. ಅಡವಿಯಲ್ಲಿ ಆ ಕಂಬಳಿಯೇ ಹಾಸಿಗೆ, ಮಳೆಗೆ ಕೊಪ್ಪೆ. ಆದರೆ ಟಿ.ವಿ. ಕ್ಯಾಮೆರಾಕ್ಕೆ ಸೋಲು, ಅಳು ಬೇಕು. ಈ ನಿಧಾನದ ಜಾಣತನ ಬೇಕಿಲ್ಲ. ಆ ಷೋ ತೋರಿಸಿದ್ದನ್ನು ನಾನು ಹಳ್ಳಿಯ ಪ್ರಾಮಾಣಿಕ ಚಿತ್ರ ಎನ್ನಲಾರೆ.

ಚಿತ್ರ ತೆಗೆಯಲು ಬರುವವರೇ, ಸರಿ ಒಣಗುವವರೆಗಾದರೂ ಮಗ್ಗದ ಬಳಿ ಕೂತು ಹೋಗಿರಿ.