ಯಾವ ಕೂಟ ಬಲವಾದದ್ದು?

ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಶಾಲೆಯ ಬಯಲಲ್ಲಿ ಮಕ್ಕಳು ಕಾಲಿನಿಂದ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಅಡ್ಡ ಬಂದವರನ್ನು ತಳ್ಳಿಕೊಂಡು ಓಡುವ ಆಟ. ಅಲ್ಲಿಯ ಕಾಲೇಜು ಹುಡುಗರ ಮೊದಲ ಪಂದ್ಯ ನಡೆದದ್ದು 1869ರಲ್ಲಿ. ಕಾಲೇಜುಗಳೋ ನೂರಾರು, ಎಲ್ಲರೂ ಎಲ್ಲರ ಜೊತೆ ಆಡುವುದು ಆಗದ ಮಾತು. ಹಾಗಾಗಿ ಒಂದೊಂದು ಸೀಮೆಯವರು ಸೇರಿ ಕೂಟ ಕಟ್ಟಿಕೊಂಡರು. ಅದಕ್ಕೆ ಅವರು ಕಾನ್ಫರೆನ್ಸ್ ಅನ್ನುತ್ತಾರೆ. ಉತ್ತರದ ‘ಬಿಗ್ ಟೆನ್’ ಹುಟ್ಟಿದ್ದು 1896ರಲ್ಲಿ, ದಕ್ಷಿಣದ ‘ಎಸ್‌ಇಸಿ’ 1932ರಲ್ಲಿ.

ಜಗಳದ ಬೇರು ಇಲ್ಲೇ ಇದೆ. ಒಂದು ಕೂಟದವರು ಇನ್ನೊಂದು ಕೂಟದವರ ಜೊತೆ ಆಡುವುದೇ ಕಡಿಮೆ. ಹಾಗಿದ್ದ ಮೇಲೆ ಯಾರು ಹೆಚ್ಚು ಅಂತ ಅಳೆಯುವುದು ಹೇಗೆ? 1936ರಿಂದ ಅಸೋಸಿಯೇಟೆಡ್ ಪ್ರೆಸ್‌ನವರು ಪತ್ರಕರ್ತರ ಮತ ಎಣಿಸಿ ಪಟ್ಟಿ ಹಾಕತೊಡಗಿದರು. ದೇಶಕ್ಕೆ ಮೊದಲಿಗರು ಯಾರೆಂದು ತೀರ್ಮಾನವಾದದ್ದು ಬಯಲಿನಲ್ಲಲ್ಲ, ಕಾಗದದ ಮೇಲೆ! 1964ರಲ್ಲಿ ಅಲಬಾಮಾಗೆ ಪಟ್ಟ ಕಟ್ಟಿದರು. ಆಮೇಲೆ ಅದೇ ತಂಡ ಟೆಕ್ಸಸ್ ಎದುರು 21-17ರಿಂದ ಸೋತಿತು. ಕಟ್ಟಿದ ಪಟ್ಟವನ್ನು ಬಿಚ್ಚುವ ಹಾಗಿರಲಿಲ್ಲ.

ದಕ್ಷಿಣದವರಿಗೆ ಇದು ಬರೀ ಆಟವಾಗಿರಲಿಲ್ಲ. ಅಂತರ್ಯುದ್ಧದಲ್ಲಿ ಸೋತ ಸೀಮೆ ಅದು. ಅವರ ಆಟವೂ ಹಗುರ ಅಂತ ಉಳಿದವರ ಎಣಿಕೆ. 1926ರ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಅಲಬಾಮಾ ತಂಡ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಎದುರು 0-12ರಿಂದ ಹಿಂದೆ ಬಿದ್ದಿತ್ತು. ವಿರಾಮ ಮುಗಿಸಿ ಬಂದವರೇ ಒಂದೇ ಸುತ್ತಿನಲ್ಲಿ 20 ಅಂಕ ಹೊಡೆದರು. ಕೊನೆಗೆ 20-19ರಿಂದ ಗೆದ್ದರು. ಆವತ್ತಿನಿಂದ ದಕ್ಷಿಣದ ಆಟವನ್ನು ಹಗುರವಾಗಿ ಕಾಣುವ ಹಾಗಿರಲಿಲ್ಲ.

ಆದರೆ ಆ ಅಭಿಮಾನದೊಳಗೆ ಒಂದು ಹುಳುಕು ಇತ್ತು. 1966ರಲ್ಲಿ ಅಲಬಾಮಾ ಒಂದು ಪಂದ್ಯವನ್ನೂ ಸೋಲಲಿಲ್ಲ. ಆದರೂ ಪತ್ರಕರ್ತರು ಅದನ್ನು ಮೂರನೆಯ ಸ್ಥಾನದಲ್ಲಿ ಕೂರಿಸಿದರು. ತಮ್ಮತಮ್ಮಲ್ಲೇ 10-10ರಿಂದ ಸಮ ಮಾಡಿಕೊಂಡಿದ್ದ ನೋಟರ್ ಡೇಮ್ ಮೊದಲನೆಯದಾಯಿತು, ಮಿಷಿಗನ್ ಸ್ಟೇಟ್ ಎರಡನೆಯದು. ಅನ್ಯಾಯ ಅಂತ ಅಲಬಾಮಾದ ಹಳಬರು ಇವತ್ತಿಗೂ ಹೇಳುತ್ತಾರೆ. ಇರಬಹುದು. ಆದರೆ ಆ ತಂಡದಲ್ಲಿ ಒಬ್ಬನೇ ಒಬ್ಬ ಕರಿಯ ಹುಡುಗ ಇರಲಿಲ್ಲ, ಅವರಿಗೆ ಬಾಗಿಲೇ ಮುಚ್ಚಿತ್ತು. ಹಾಗೆ ಮುಚ್ಚಿದ ಬಾಗಿಲಿನಿಂದ ಉತ್ತರಕ್ಕೆ ಹೋದ ದಕ್ಷಿಣದ ಹುಡುಗರೇ ಮಿಷಿಗನ್ ಸ್ಟೇಟ್‌ನ ಬಲವಾಗಿದ್ದರು. ಟೆಕ್ಸಸ್‌ನ ಬಬ್ಬಾ ಸ್ಮಿತ್ ಅವರಲ್ಲೊಬ್ಬರು. ತನ್ನ ಊರಿನ ಎಷ್ಟೋ ಮಕ್ಕಳನ್ನು ಹೊರಗಿಟ್ಟ ಕೂಟ ‘ನಾವೇ ಬಲಿಷ್ಠರು’ ಅಂದರೆ ಒಪ್ಪುವುದು ನನಗಂತೂ ಕಷ್ಟ.

1970ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಬರ್ಮಿಂಗ್‌ಹ್ಯಾಮ್‌ಗೇ ಬಂದು ಅಲಬಾಮಾವನ್ನು 42-21ರಿಂದ ಸೋಲಿಸಿತು. ಅವತ್ತು ಮೆರೆದವರು ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕರಿಯ ಆಟಗಾರ. ಆ ಸೋಲೇ ಬಾಗಿಲು ತೆರೆಸಿತು ಅಂತ ಕಥೆ ಹೇಳುವುದುಂಟು. ಪೂರ್ತಿ ಸರಿಯಲ್ಲ. ವಿಲ್ಬರ್ ಜಾಕ್ಸನ್ ಎಂಬ ಕರಿಯ ಹುಡುಗ ಆಗಲೇ ಅಲಬಾಮಾ ಸೇರಿಯಾಗಿತ್ತು. ಮೊದಲ ವರ್ಷದವರು ಆಡಬಾರದೆಂಬ ನಿಯಮದಿಂದ ಅವತ್ತು ಹೊರಗೇ ಉಳಿದಿದ್ದರು, ಅಷ್ಟೇ.

2006ರಿಂದ 2012ರವರೆಗೆ ಏಳು ವರ್ಷ ಎಡೆಬಿಡದೆ ಎಸ್‌ಇಸಿ ತಂಡಗಳೇ ದೇಶದ ಪಟ್ಟ ಗೆದ್ದವು. ಕರಿಯ ಆಟಗಾರರಿಲ್ಲದೆ ಅದು ಆಗುತ್ತಿರಲಿಲ್ಲ.

ಈಗ ತಕ್ಕಡಿ ಹಿಡಿದಿರುವುದು ಟಿವಿ ದುಡ್ಡು. 1984ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಕಾಲೇಜುಗಳೂ ಕೂಟಗಳೂ ತಮ್ಮ ಪ್ರಸಾರವನ್ನು ತಾವೇ ಮಾರತೊಡಗಿದವು. ಕ್ರಮೇಣ ದುಡ್ಡಿದ್ದ ಕಡೆಗೆ ಕಾಲೇಜುಗಳೂ ಹೊರಟವು. 2024ರಲ್ಲಿ ಪಶ್ಚಿಮದ ‘ಪ್ಯಾಕ್-12’ರಿಂದ ಹತ್ತು ಕಾಲೇಜುಗಳು ಎದ್ದು ಹೋದವು. ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್ ಸೇರಿದ್ದು ಅಟ್ಲಾಂಟಿಕ್ ಕರಾವಳಿಯ ಕೂಟವನ್ನು! ಹಿಂದೆ ಉಳಿದದ್ದು ಎರಡೇ: ಒರೆಗಾನ್ ಸ್ಟೇಟ್, ವಾಷಿಂಗ್‌ಟನ್ ಸ್ಟೇಟ್. ಎರಡೂ ಸಣ್ಣ ಊರಿನ ಕಾಲೇಜುಗಳು, ಟಿವಿಯವರಿಗೆ ಅಷ್ಟು ಬೇಡವಾದವು. 1915ರಲ್ಲಿ ಆ ಸೀಮೆಯಲ್ಲಿ ಮೊದಲು ಕೂಟ ಕಟ್ಟಿದ ನಾಲ್ಕು ಕಾಲೇಜುಗಳಲ್ಲಿ ಒರೆಗಾನ್ ಸ್ಟೇಟ್ ಒಂದು.