ಬಾಲ್ಸಾ ಮರದ ಮಾದರಿ ವಿಮಾನ ನಿರ್ಮಾಣ

ಬಾಲ್ಸಾ ಮರದ ಮಾದರಿ ವಿಮಾನ ನಿರ್ಮಾಣವು ಏರೋಮಾಡೆಲಿಂಗ್ ಹವ್ಯಾಸದ ಒಂದು ಪ್ರಮುಖ ಶಾಖೆ. ಮೊದಲೇ ಕತ್ತರಿಸಿ ಒದಗಿಸಲಾದ ಹಗುರ ಮರದ ಭಾಗಗಳನ್ನು ನಕ್ಷೆಯ ಪ್ರಕಾರ ಕೈಯಿಂದ ಜೋಡಿಸಿ, ರೇಡಿಯೊ ಮೂಲಕ ನಿಯಂತ್ರಿಸಬಹುದಾದ ಚಿಕ್ಕ ವಿಮಾನವನ್ನು ಕಟ್ಟುವುದು ಇದರ ವಿಧಾನ. ಹೊಸಬರು ಸಾಮಾನ್ಯವಾಗಿ ಟ್ರೈನರ್ ಎಂದು ಕರೆಯುವ ತರಬೇತಿ ಮಾದರಿಯಿಂದ ಆರಂಭಿಸುತ್ತಾರೆ. ಇದರಲ್ಲಿ ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿರುತ್ತದೆ. ಪ್ರಚಲಿತ ಗಾತ್ರದ ಟ್ರೈನರ್‌ನ ರೆಕ್ಕೆಯ ಹರವು ಸುಮಾರು 150ರಿಂದ 180 ಸೆಂ.ಮೀ., ತೂಕ 2ರಿಂದ 3 ಕೆ.ಜಿ. ಮಾದರಿಯ ಹಾರಾಟದ ಗುಣವನ್ನು ಮುಖ್ಯವಾಗಿ ಚೌಕಟ್ಟಿನ ನೇರತನ ಮತ್ತು ತೂಕದ ಹಂಚಿಕೆ ನಿರ್ಧರಿಸುತ್ತವೆ. ಇವೆರಡೂ ವಿಮಾನ ಮೈದಾನಕ್ಕೆ ಹೋಗುವ ಮೊದಲೇ, ಕೆಲಸದ ಮೇಜಿನ ಮೇಲೆ ತೀರ್ಮಾನವಾಗಿರುತ್ತವೆ.

ಇತಿಹಾಸ

ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್‌ನ ಟ್ವಿಲರೀ ಉದ್ಯಾನದಲ್ಲಿ ರಬ್ಬರ್ ಎಳೆಯ ಶಕ್ತಿಯಿಂದ ಹಾರುವ ಮಾದರಿಯನ್ನು ಪ್ರದರ್ಶಿಸಿದನು. 1930ರ ದಶಕದಲ್ಲಿ ಅಮೆರಿಕದಲ್ಲಿ ಚಿಕ್ಕ ಪೆಟ್ರೋಲ್ ಎಂಜಿನ್‌ಗಳು ಮಾರಾಟಕ್ಕೆ ಬಂದವು. ಬಾಲ್ಸಾ ಕಿಟ್‌ಗಳೂ ಆ ಕಾಲದಲ್ಲಿ ಜನಪ್ರಿಯವಾದವು. ಮಿಷಿಗನ್ ರಾಜ್ಯದ ಕಲಮಜೂ ನಗರದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 'ಗಫ್' ಎಂಬ ಮಾದರಿಯನ್ನು ಕಟ್ಟಿ, 1937ರಲ್ಲಿ ರೇಡಿಯೊ ನಿಯಂತ್ರಣದಿಂದ ಹಾರಿಸಿದರು. ರೇಡಿಯೊ ನಿಯಂತ್ರಿತ ಮಾದರಿಗಳ ಚರಿತ್ರೆಯಲ್ಲಿ ಇದು ಆರಂಭದ ಯಶಸ್ವಿ ಪ್ರಯತ್ನಗಳಲ್ಲೊಂದು. ಆ ವಿಮಾನವು ಈಗ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಬಾಲ್ಸಾ ಮರ

ಬಾಲ್ಸಾ (ಆಕ್ರೋಮಾ ಪಿರಮಿಡೇಲ್) ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ. ಇದರ ಪ್ರಮುಖ ಪೂರೈಕೆದಾರ ದೇಶ ಈಕ್ವೆಡಾರ್. ಬಹಳ ಹಗುರವಾಗಿದ್ದರೂ ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಇದು ಗಟ್ಟಿಮರಗಳ ಗುಂಪಿಗೆ ಸೇರುತ್ತದೆ. ತೂಕಕ್ಕೆ ಹೋಲಿಸಿದರೆ ಇದರ ಬಲ ಹೆಚ್ಚು. ಎರಡನೆಯ ಮಹಾಯುದ್ಧದ ಬ್ರಿಟಿಷ್ ವಿಮಾನ ಡಿ ಹ್ಯಾವಿಲೆಂಡ್ ಮಾಸ್ಕಿಟೊದ ಒಡಲಿನಲ್ಲಿಯೂ ಬರ್ಚ್ ಪ್ಲೈವುಡ್‌ನ ಪದರಗಳ ನಡುವೆ ಬಾಲ್ಸಾವನ್ನು ಬಳಸಲಾಗಿತ್ತು.

ಒಂದೇ ಅಳತೆಯ ಎರಡು ಬಾಲ್ಸಾ ಹಾಳೆಗಳ ತೂಕದಲ್ಲಿ ದುಪ್ಪಟ್ಟು ವ್ಯತ್ಯಾಸ ಇರಬಹುದು. ಸಾಂದ್ರತೆಯು ಪ್ರತಿ ಘನ ಮೀಟರಿಗೆ ಸುಮಾರು 100 ಕೆ.ಜಿ.ಯಿಂದ 200 ಕೆ.ಜಿ.ಗೂ ಹೆಚ್ಚಿನವರೆಗೆ ಬದಲಾಗುತ್ತದೆ. ಆದ್ದರಿಂದ ಅನುಭವಿಗಳು ಕಿಟ್ ತೆರೆದೊಡನೆ ಭಾಗಗಳನ್ನು ತೂಗಿ ವಿಂಗಡಿಸುತ್ತಾರೆ. ಗಟ್ಟಿಯಾದ ಪಟ್ಟಿಗಳನ್ನು ರೆಕ್ಕೆಯ ತೊಲೆಗಳಿಗೂ ಹಗುರವಾದವನ್ನು ಬಾಲದ ಭಾಗಕ್ಕೂ ಮೀಸಲಿಡುತ್ತಾರೆ. ಎರಡೂ ರೆಕ್ಕೆಗಳಿಗೆ ಸಮಾನ ತೂಕದ ಹಾಳೆಗಳನ್ನು ಆರಿಸುತ್ತಾರೆ. ಮರವನ್ನು ಸೀಳಿದ ದಿಕ್ಕೂ ಮುಖ್ಯ. 'ಎ' ದರ್ಜೆಯ ಹಾಳೆ ಅಡ್ಡಲಾಗಿ ಸುಲಭವಾಗಿ ಬಾಗುವುದರಿಂದ ಬಾಗಿದ ಮೇಲ್ಮೈಗಳನ್ನು ಮುಚ್ಚಲು ಒದಗುತ್ತದೆ. ಚುಕ್ಕೆಚುಕ್ಕೆಯ ಮೈಯಿರುವ 'ಸಿ' ದರ್ಜೆಯ ಹಾಳೆ ಬಾಗದೆ ಸೆಟೆದಿರುವುದರಿಂದ ರೆಕ್ಕೆಯ ಪಕ್ಕೆಗಳಿಗೆ ಸೂಕ್ತ. 'ಬಿ' ದರ್ಜೆ ಇವೆರಡರ ನಡುವಿನದು.

ಕಿಟ್‌ನ ಸ್ವರೂಪ

ಕಿಟ್‌ನಲ್ಲಿ ಪೂರ್ಣ ಅಳತೆಯ ನಕ್ಷೆ, ಸೂಚನಾ ಪುಸ್ತಿಕೆ, ಬಾಲ್ಸಾ ಮತ್ತು ಪ್ಲೈವುಡ್ ಭಾಗಗಳು, ಪಟ್ಟಿಗಳು ಹಾಗೂ ಕೀಲು, ತಂತಿ ಮುಂತಾದ ಸಣ್ಣ ಸಾಮಗ್ರಿಗಳು ಇರುತ್ತವೆ. ಹಿಂದೆ ಭಾಗಗಳನ್ನು ಅಚ್ಚಿನಿಂದ ಒತ್ತಿ ಕತ್ತರಿಸುತ್ತಿದ್ದುದರಿಂದ ಅಂಚುಗಳು ಜಜ್ಜಿಹೋಗುವುದುಂಟು. ಈಗ ಲೇಸರ್ ಕತ್ತರಿಸುವಿಕೆ ಬಳಕೆಯಲ್ಲಿದ್ದು, ಭಾಗಗಳು ಒಂದರೊಳಗೊಂದು ಸರಿಯಾಗಿ ಕೂರುತ್ತವೆ. ಎಂಜಿನ್ ಅಥವಾ ಮೋಟಾರ್, ರೇಡಿಯೊ, ಅಂಟು ಮತ್ತು ಹೊದಿಕೆಯನ್ನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ.

ನಿರ್ಮಾಣ

ರೆಕ್ಕೆ: ಗುಂಡುಸೂಜಿ ಚುಚ್ಚಬಹುದಾದ, ಸಂಪೂರ್ಣ ಸಮತಟ್ಟಾದ ಹಲಗೆಯ ಮೇಲೆ ನಕ್ಷೆಯನ್ನು ಹಾಸಿ, ಅಂಟು ತಗುಲದಂತೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲಾಗುತ್ತದೆ. ಕೆಳಗಿನ ತೊಲೆಯನ್ನು ಸೂಜಿಗಳಿಂದ ನಿಲ್ಲಿಸಿ, ಅದರ ಮೇಲೆ ಪಕ್ಕೆಗಳನ್ನು ಲಂಬವಾಗಿ ಕೂರಿಸಿ, ಮೇಲಿನ ತೊಲೆ, ಮುಂದಂಚು ಮತ್ತು ಹಿಂದಂಚುಗಳನ್ನು ಸೇರಿಸುತ್ತಾರೆ. ಎರಡು ತೊಲೆಗಳ ನಡುವೆ ತೆಳುವಾದ ಬಾಲ್ಸಾ ತುಂಡುಗಳನ್ನು ಅಂಟಿಸಲಾಗುತ್ತದೆ. ಇವುಗಳ ಎಳೆ ಲಂಬ ದಿಕ್ಕಿನಲ್ಲಿರಬೇಕು. ಈ ತುಂಡುಗಳು ತೊಲೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವುದರಿಂದ ರೆಕ್ಕೆಗೆ ಬಾಗುವಿಕೆಯನ್ನು ತಾಳುವ ಬಲ ಬರುತ್ತದೆ. ಇವನ್ನು ಬಿಟ್ಟರೆ ರೆಕ್ಕೆಯು ಹಾರಾಟದ ಒತ್ತಡದಲ್ಲಿ ಮಡಚಿಕೊಳ್ಳಬಹುದು.

ರೆಕ್ಕೆಯ ತಿರುಚು ಕಟ್ಟುವವರು ಹೆಚ್ಚು ಎಚ್ಚರ ವಹಿಸುವ ದೋಷ. ಒಂದು ರೆಕ್ಕೆಯ ಹಿಂದಂಚು ಕೆಲವೇ ಮಿಲಿಮೀಟರ್ ಮೇಲೆದ್ದಿದ್ದರೂ ಎರಡು ಬದಿಗಳ ಎತ್ತುವ ಬಲ ಅಸಮವಾಗಿ, ವಿಮಾನ ಒಂದೇ ಕಡೆಗೆ ವಾಲುತ್ತದೆ. ನಿಧಾನಗತಿಯಲ್ಲಿ ಇದು ಅಪಾಯಕಾರಿ. ತೆರೆದ ಚೌಕಟ್ಟಿನಲ್ಲಿ ಈ ದೋಷವನ್ನು ತಿದ್ದುವುದು ಸುಲಭ. ಮುಂದಂಚಿನ ಭಾಗವನ್ನು ಮೇಲೆ ಕೆಳಗೆ ಬಾಲ್ಸಾ ಹಾಳೆಯಿಂದ ಮುಚ್ಚಿದರೆ ಅದು ಪೆಟ್ಟಿಗೆಯಂತೆ ಬಿಗಿಯಾಗುವುದರಿಂದ, ಆಗ ಇರುವ ತಿರುಚು ಬಹುಮಟ್ಟಿಗೆ ಶಾಶ್ವತವಾಗಿ ಉಳಿಯುತ್ತದೆ. ಎರಡು ರೆಕ್ಕೆಗಳನ್ನು ತುದಿಗಳು ತುಸು ಮೇಲೆದ್ದಿರುವಂತೆ ಸೇರಿಸುತ್ತಾರೆ. ಡೈಹೆಡ್ರಲ್ ಎನ್ನುವ ಈ ಕೋನವು ವಾಲಿದ ವಿಮಾನ ತಾನಾಗಿಯೇ ಸಮಸ್ಥಿತಿಗೆ ಮರಳಲು ನೆರವಾಗುತ್ತದೆ.

ಒಡಲು ಮತ್ತು ಬಾಲ: ಒಡಲಿನ ಎರಡು ಬದಿಗಳನ್ನು ಅಡ್ಡಚೌಕಟ್ಟುಗಳಿಂದ ಜೋಡಿಸುವಾಗ ಮಧ್ಯರೇಖೆಯ ಮೇಲೆ ಕಣ್ಣಿಡಬೇಕು. ಎಂಜಿನ್ ನಿಲ್ಲುವ ಪ್ಲೈವುಡ್ ಗೋಡೆಯನ್ನು ಎಪಾಕ್ಸಿಯಿಂದ ಅಂಟಿಸಲಾಗುತ್ತದೆ. ಹಲವು ನಕ್ಷೆಗಳಲ್ಲಿ ಎಂಜಿನ್ ಅನ್ನು ಕೆಲವು ಡಿಗ್ರಿಯಷ್ಟು ಬಲಕ್ಕೂ ಕೆಳಕ್ಕೂ ತಿರುಗಿಸಿ ಕೂರಿಸುತ್ತಾರೆ. ಬಾಲವನ್ನು ಅಂಟಿಸುವ ಮುನ್ನ ಅದರ ಎರಡೂ ತುದಿಗಳು ರೆಕ್ಕೆಯ ತುದಿಗಳಿಂದ ಸಮಾನ ದೂರದಲ್ಲಿವೆಯೇ ಎಂದು ದಾರದಿಂದ ಅಳೆಯುತ್ತಾರೆ.

ಅಂಟು: ಸೈನೊಆಕ್ರಿಲೇಟ್ ಅಂಟು ಸೆಕೆಂಡುಗಳಲ್ಲಿ ಹಿಡಿಯುತ್ತದೆ. ಬಿಳಿ ಅಥವಾ ಹಳದಿ ಮರಗೋಂದು ನಿಧಾನವಾಗಿ ಒಣಗುವುದರಿಂದ ಭಾಗಗಳನ್ನು ಸರಿಪಡಿಸಲು ಸಮಯ ಸಿಗುತ್ತದೆ. ಎಪಾಕ್ಸಿ ಬಲವಾದದ್ದಾದರೂ ಭಾರ ಹೆಚ್ಚು. ಹೆಚ್ಚು ಒತ್ತಡ ಬೀಳುವ ಕೀಲುಗಳಿಗೆ ಮಾತ್ರ ಇದನ್ನು ಬಳಸುತ್ತಾರೆ.

ಹೊದಿಕೆ: ಚೌಕಟ್ಟನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪುಗೊಳಿಸಿದ ಮೇಲೆ ಹೊದಿಕೆ ಹಾಕಲಾಗುತ್ತದೆ. ಹಿಂದೆ ತೆಳು ಕಾಗದ ಅಥವಾ ರೇಷ್ಮೆಯನ್ನು ಹಾಸಿ ಡೋಪ್ ಎಂಬ ದ್ರವವನ್ನು ಬಳಿಯುತ್ತಿದ್ದರು. ಇಂದು ಮಾನೋಕೋಟ್‌ನಂತಹ ಪ್ಲಾಸ್ಟಿಕ್ ಪೊರೆಯನ್ನು ಚಿಕ್ಕ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ, ಬಿಸಿಗಾಳಿಯಿಂದ ಕುಗ್ಗಿಸಿ ಬಿಗಿಗೊಳಿಸುವುದು ಸಾಮಾನ್ಯ. ಒಂದೇ ಬದಿಯನ್ನು ಹೆಚ್ಚು ಬಿಗಿಗೊಳಿಸಿದರೆ ನೇರವಾಗಿದ್ದ ಬಾಲವೂ ತಿರುಚಿಕೊಳ್ಳುತ್ತದೆ.

ರೇಡಿಯೊ ಮತ್ತು ಚಾಲನಶಕ್ತಿ

ಪೈಲಟ್‌ನ ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನ ಸಂಕೇತವನ್ನು ವಿಮಾನದ ರಿಸೀವರ್ ಗ್ರಹಿಸಿ ಸರ್ವೊ ಎಂಬ ಚಿಕ್ಕ ಮೋಟಾರ್‌ಗಳಿಗೆ ತಲುಪಿಸುತ್ತದೆ. ಸರ್ವೊಗಳು ಏಲರಾನ್, ಎಲಿವೇಟರ್ ಮತ್ತು ರಡ್ಡರ್‌ಗಳನ್ನು ಚಲಿಸುತ್ತವೆ. ಈಗಿನ ಉಪಕರಣಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಚಾಲನೆಗೆ ಮೆಥನಾಲ್ ಆಧಾರಿತ ಇಂಧನದ ಗ್ಲೋ ಎಂಜಿನ್ ಅಥವಾ ಲಿಥಿಯಂ ಪಾಲಿಮರ್ ಬ್ಯಾಟರಿಯ ಬ್ರಷ್‌ಲೆಸ್ ಮೋಟಾರ್ ಇರುತ್ತದೆ.

ಗುರುತ್ವಕೇಂದ್ರ

ಗುರುತ್ವಕೇಂದ್ರವು ನಕ್ಷೆಯಲ್ಲಿ ಸೂಚಿಸಿದ ಸ್ಥಳದಲ್ಲಿರುವುದು ಕಡ್ಡಾಯ. ಟ್ರೈನರ್‌ಗಳಲ್ಲಿ ಇದು ಸಾಮಾನ್ಯವಾಗಿ ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಶೇ. 25ರಿಂದ 33ರಷ್ಟು ಹಿಂದಿರುತ್ತದೆ. ಮೂಗು ಭಾರವಾದ ವಿಮಾನ ಜಡವಾಗಿ ಹಾರುತ್ತದೆ, ಆದರೆ ಸಾಮಾನ್ಯವಾಗಿ ನಿಯಂತ್ರಣದಲ್ಲಿರುತ್ತದೆ. ಬಾಲ ಭಾರವಾದದ್ದು ಸ್ಥಿರತೆ ಕಳೆದುಕೊಂಡು, ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬೀಳಬಹುದು. ಬಾಲವು ಗುರುತ್ವಕೇಂದ್ರದಿಂದ 75 ಸೆಂ.ಮೀ. ಹಿಂದೆಯೂ ಮೂಗು 25 ಸೆಂ.ಮೀ. ಮುಂದೆಯೂ ಇದ್ದರೆ, ಬಾಲಕ್ಕೆ ಸೇರಿದ ಪ್ರತಿ 1 ಗ್ರಾಂ ಅಂಟನ್ನು ಸರಿದೂಗಿಸಲು ಮೂಗಿಗೆ 3 ಗ್ರಾಂ ಸೀಸ ಸೇರಿಸಬೇಕಾಗುತ್ತದೆ. ಬಾಲಕ್ಕೆ ಹಗುರ ಮರವನ್ನು ಆರಿಸುವುದು ಈ ಕಾರಣದಿಂದ.

ಮೊದಲ ಹಾರಾಟ ಮತ್ತು ಸುರಕ್ಷತೆ

ಹಾರಿಸುವ ಮುನ್ನ ರೇಡಿಯೊದ ವ್ಯಾಪ್ತಿಯನ್ನೂ ನಿಯಂತ್ರಣಗಳ ದಿಕ್ಕನ್ನೂ ಪರೀಕ್ಷಿಸಬೇಕು. ಕಡ್ಡಿಯನ್ನು ಬಲಕ್ಕೆ ಒತ್ತಿದಾಗ ಬಲ ರೆಕ್ಕೆಯ ಏಲರಾನ್ ಮೇಲೇಳಬೇಕು. ಇದು ತಿರುವುಮುರುವಾಗಿರುವುದನ್ನು ಗಮನಿಸದೆ ಹಾರಿಸಿದ್ದರಿಂದ ನಾಶವಾದ ಹೊಸ ವಿಮಾನಗಳು ಅನೇಕ. ಮೊದಲ ಹಾರಾಟವನ್ನು ಮಂದಗಾಳಿಯಲ್ಲಿ, ಗಾಳಿಗೆ ಎದುರಾಗಿ, ಅನುಭವಿ ಪೈಲಟ್‌ನ ನೆರವಿನೊಂದಿಗೆ ನಡೆಸುವುದು ರೂಢಿ.

ವಿದ್ಯುತ್ ಮೋಟಾರನ್ನು ಮನೆಯಲ್ಲಿ ಪರೀಕ್ಷಿಸುವಾಗ ಪ್ರೊಪೆಲರ್ ತೆಗೆದಿಡಬೇಕು. ಮರದ ಧೂಳಿನಿಂದಲೂ ಸೈನೊಆಕ್ರಿಲೇಟ್‌ನ ಆವಿಯಿಂದಲೂ ಕಣ್ಣು ಮತ್ತು ಶ್ವಾಸಕೋಶಗಳನ್ನು ಕಾಪಾಡಿಕೊಳ್ಳಬೇಕು. ಲಿಥಿಯಂ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಭಾರತದಲ್ಲಿ

ರಾಷ್ಟ್ರೀಯ ಕೆಡೆಟ್ ದಳದ ವಾಯು ವಿಭಾಗದ ತರಬೇತಿಯಲ್ಲಿ ಏರೋಮಾಡೆಲಿಂಗ್ ಸೇರಿದೆ. 2021ರ ಡ್ರೋನ್ ನಿಯಮಗಳು ಒಟ್ಟು 25 ಕೆ.ಜಿ. ಮೀರದ, ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ ಮಾದರಿಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿ, ಅವುಗಳಿಗೆ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿ ನೀಡಿವೆ. ವಾಯುಪ್ರದೇಶವನ್ನು ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ.

ಇಂದಿನ ಸ್ಥಿತಿ

ಬಹುತೇಕ ಸಿದ್ಧವಾಗಿಯೇ ಬರುವ ವಿಮಾನಗಳು ಮತ್ತು ಫೋಮ್ ಮಾದರಿಗಳು ಮಾರುಕಟ್ಟೆಯನ್ನು ಆವರಿಸಿದ ಮೇಲೆ ಮರದ ಕಿಟ್‌ಗಳ ಬಳಕೆ ತಗ್ಗಿದೆ. ಆದರೂ ಲೇಸರ್ ಯಂತ್ರಗಳಿಂದಾಗಿ ಸಣ್ಣ ತಯಾರಕರು ಹಳೆಯ ವಿನ್ಯಾಸಗಳನ್ನು ಮತ್ತೆ ಹೊರತರುತ್ತಿದ್ದಾರೆ. ಚೌಕಟ್ಟನ್ನು ತಾನೇ ಕಟ್ಟಿದವನಿಗೆ ಅದರ ಪ್ರತಿಯೊಂದು ಭಾಗದ ಪರಿಚಯವಿರುತ್ತದೆ. ಹಾರಾಟದಲ್ಲಿ ಮುರಿದ ಪಕ್ಕೆ ಅಥವಾ ತೊಲೆಯನ್ನು ಅದೇ ನಕ್ಷೆಯ ಮೇಲಿಟ್ಟು ಸರಿಪಡಿಸಿ, ವಿಮಾನವನ್ನು ಮತ್ತೆ ಹಾರಿಸಬಹುದು.